ಬಿಸಾಡಿದ ಐದು ಹೋಳುಗಳು

ಲ್ಯಾಬಿನ ಬಾಗಿಲಲ್ಲಿ ಅವನನ್ನು ಕಂಡದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ! ಕೊನೆಗೂ ಕೈಗೆ ಸಿಕ್ಕೆಯಾ?

ಇಲಿಯ ಮಿದುಳಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಜೀವಕೋಶಗಳ ಗುಂಪೊಂದನ್ನು ಮೊದಲು ಕಂಡವಳು ಅವಳು. ಆಗ ಇಬ್ಬರಿಗೂ ಒಂದೇ ಮೇಜು, ಮದುವೆಯೂ ನಿಶ್ಚಯವಾಗಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತು, "ನಾನೂ ಹುಡುಕಿದೆ. ಅಲ್ಲೇನೂ ಇಲ್ಲ, ಬಣ್ಣ ಹಾಕಿದಾಗ ಬಿದ್ದ ಕಲೆ ಅಷ್ಟೇ" ಎಂದವನು ಇದೇ ಮಹಾಶಯ! ಜನ ನಕ್ಕರು. ಅವಳ ಪ್ರಬಂಧ ಮೂಲೆ ಸೇರಿತು. ಮದುವೆಯೂ ಮುರಿಯಿತು.

ಇಂದು ಅವಳೇ ಇಲ್ಲಿನ ಮುಖ್ಯಸ್ಥೆ. ಅವನು ಕೆಲಸ ಕೇಳಿಕೊಂಡು ಬಂದಿದ್ದ.

'ನೀರು ಕುಡಿಸದೆ ಬಿಡಲ್ಲ...'

"ಹೇಳಿ, ಅವತ್ತು ಹೇಗೆ ಹುಡುಕಿದ್ರಿ?"

ಅವಳ ಬಹುವಚನಕ್ಕೆ ಅವನ ಮುಖ ಸಪ್ಪೆಯಾಯಿತು. "ಮಿದುಳಿನ ಆರು ಹೋಳು ಕತ್ತರಿಸಿದ್ರೆ ಒಂದನ್ನ ಗಾಜಿಗೆ ಹಚ್ಚಿ ನೋಡಿ, ಐದನ್ನ ಬಿಸಾಡ್ತಿದ್ದೆ. ನಮ್ಮಲ್ಲಿ ಅದೇ ರೂಢಿ."

"ನಾನು ಕಂಡ ಜೀವಕೋಶದ ಗುಂಪು ಇರೋದು ಎಷ್ಟು ಹೋಳಲ್ಲಿ?"

"ನಾಲ್ಕೇ ನಾಲ್ಕು."

ಪಕ್ಕದ ಮೇಜಿನಲ್ಲಿ ಇಲಿಯ ಮಿದುಳು ಕತ್ತರಿಸುತ್ತಿದ್ದ ಹಿರಿಯ ತಂತ್ರಜ್ಞ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ಕಸದ ಬುಟ್ಟಿಗೆ ಹಾಕಿಬಿಟ್ಟು ಇಲ್ಲ ಅಂದ್ಯಾ!"

"ನೀವು ಸುಮ್ನಿರಿ ಅಣ್ಣ." ಅವಳು ಅವನತ್ತ ತಿರುಗಿದಳು. " ಇದು ಯಾವಾಗ ಗೊತ್ತಾಯ್ತು ನಿಮಗೆ?"

"ಹೋದ ವಾರ. ಒಂದು ಹೋಳನ್ನೂ ಬಿಡದೆ ನೋಡಿದೆ. ಇತ್ತು ಕಣೇ... ನೀನು ಹೇಳಿದ ಜಾಗದಲ್ಲೇ. ಕೆಲಸ ಬರೀ ನೆಪ. ಇದನ್ನ ನಿನ್ನೆದುರೇ ಹೇಳ್ಬೇಕಿತ್ತು."

ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ನನ್ನೆದುರು ಹೇಳಿದ್ರೆ ಸಾಲದು. ನಾಳೆ ಅದೇ ಸಭೆ ಇದೆ. ಅದೇ ಜನರ ಮುಂದೆ ಹೇಳಿ!"

ಮರುದಿನ ಹೇಳಿದ. ಮೈಕಿನ ಮುಂದೆ ನಿಂತು, "ಅವರು ಕಂಡದ್ದು ನಿಜ. ಕಸಕ್ಕೆ ಹಾಕಿದವನು ನಾನು" ಎಂದ. ಜನ ಈ ಸಲ ಅವನನ್ನು ನೋಡಿ ನಕ್ಕರು. ಸುಳ್ಳೇಕೆ ಹೇಳಬೇಕು? ಅವಳ ಹೊಟ್ಟೆ ತಂಪಾಯಿತು. ಆ ನಗು ಪೂರ್ತಿ ಮುಗಿಯುವವರೆಗೂ ಕಿವಿ ತುಂಬಾ ಕೇಳಿಸಿಕೊಂಡಳು!

ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಸಮಾಧಾನ ಆಯ್ತಾ?"

"ಅರ್ಧ." ಅವಳು ಪಕ್ಕದಲ್ಲೇ ಕೂತಳು. "ಮದುವೆ ಮುರಿದದ್ದಕ್ಕೆ ಅಪ್ಪ ಇವತ್ತಿಗೂ ನನ್ನನ್ನೇ ಬೈತಾರೆ. ಅವರ ಮುಂದೆಯೂ ಹೇಳ್ಬೇಕು ನೀನು."

ನೀನು! ಅವನು ತಟ್ಟನೆ ತಲೆಯೆತ್ತಿದ.

"ಹೇಳ್ತೀನಿ. ಆಮೇಲೆ?"

"ಆಮೇಲೆ ಜೀವನಪೂರ್ತಿ ನಿನ್ನನ್ನ ಗೋಳು ಹುಯ್ಕೋತೀನಿ. ತಡ್ಕೋತೀಯಾ?"

"ನೀನಿಲ್ದೆ ಮೂರು ವರ್ಷ ತಡ್ಕೊಂಡಿದ್ದೀನಿ ಕಣೇ..."

ಅವಳ ಕಣ್ಣು ತುಂಬಿ ಬಂತು. ಅವನ ತೋಳಿಗೆ ಜೋರಾಗಿಯೇ ಗುದ್ದಿದಳು.

"ಏಳು, ನಡಿ. ಅಪ್ಪ ಊಟಕ್ಕೆ ಕಾಯ್ತಿರ್ತಾರೆ."