ಆಕಾಶಕ್ಕೆ ಹೋದ ಜಗಳ

"ಬಿಡಲೇ! ಮಾವ ನನಗ ಕೊಟ್ಟಾನ!"

"ನೀನೊಬ್ಬಾಕೀನ ಎಷ್ಟೊತ್ತು ಹಿಡಿತೀ? ನನಗೂ ಕೊಡು!"

ಸಂಡೂರಿನ ತಮ್ಮ ಮನೆಯ ಮಾಳಿಗೆ ಮೇಲೆ ಗಂಗಾ ಮತ್ತು ಅವಳ ತಮ್ಮ ಯಲ್ಲೇಶ್ ಒಂದು ವಾಕಿಟಾಕಿಗಾಗಿ ಕಿತ್ತಾಡುತ್ತಿದ್ದರು. ಅದರ ವೈರಿನ ಇನ್ನೊಂದು ತುದಿಯಲ್ಲಿದ್ದ ಹೊನ್ನೂರಸ್ವಾಮಿ ಮಾವನಿಗೆ ಇದರ ಪರಿವೆಯೇ ಇಲ್ಲ. ಪೈಪಿಗೆ ಅಳತೆ ಟೇಪಿನ ತುಂಡು ಕಟ್ಟಿ ತಾನೇ ಮಾಡಿದ ಆಂಟೆನಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಆಕಾಶ ನೋಡುತ್ತಾ ಮೆಲ್ಲಗೆ ತಿರುಗುತ್ತಿದ್ದ.

ಮಾವ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡರ್. ಪರೀಕ್ಷೆ ಪಾಸು ಮಾಡಿ, ಹವ್ಯಾಸಕ್ಕಾಗಿ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಲೈಸೆನ್ಸ್ ಪಡೆದಿದ್ದ. ಅವನಿಗೆ ಅದನ್ನು ಕಲಿಸಿದ ವಿರೂಪಾಕ್ಷಪ್ಪ ಮೇಷ್ಟ್ರು ಈಗ ಅಂಡಮಾನಿನ ಪುಟ್ಟ ದ್ವೀಪವೊಂದರಲ್ಲಿದ್ದರು. ಅಲ್ಲಿ ಫೋನ್ ಇಲ್ಲ, ಅವರ ಬಳಿ ಇದ್ದದ್ದು ರೇಡಿಯೊ ಮಾತ್ರ. ಮೇಷ್ಟ್ರಿಗೆ ಜೋರು ಜ್ವರ ಎಂದು ರೇಡಿಯೊದಲ್ಲೇ ಯಾರೋ ಹೇಳಿದ್ದರು. ಅಂದಿನಿಂದ ಮಾವನಿಗೆ ಅನ್ನ ಸೇರುತ್ತಿರಲಿಲ್ಲ, ಪಾಪ.

ಹ್ಯಾಮ್ ರೇಡಿಯೊದವರಿಗೆಂದೇ ಹಾರಿಬಿಟ್ಟ ಉಪಗ್ರಹವೊಂದು ಮೇಲೆ ಹಾದುಹೋಗುವಾಗ ಇಲ್ಲಿಯ ಮಾತನ್ನು ಹಿಡಿದು ಅಲ್ಲಿಗೆ ಇಳಿಸುತ್ತದೆ. ಆದರೆ ಅದೇನು ನಿಂತು ಕಾಯುವ ಗಿರಾಕಿಯೇ? ಹತ್ತು ನಿಮಿಷದೊಳಗೆ ಗುಡ್ಡದಾಚೆ ಮಾಯ! ಹೋದ ವಾರವೆಲ್ಲ ಮಾವ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಮೇಷ್ಟ್ರ ದನಿ ಮಾತ್ರ ಬಂದಿರಲಿಲ್ಲ.

"ಗಂಗಾ, ಈಗಷ್ಟೇ ಯಾರ್ಯಾರೋ ಮಾತಾಡಾಕತ್ತಿದ್ರು. ಸೌಂಡ್ ಯಾಕ ಬಂದ್ ಆತು?" ಎಂದು ಮಾವ ಕೇಳಿದ.

"ನನಗೇನು ಗೊತ್ತು? ಲೇ ಯಲ್ಲ್ಯಾ, ಕೈ ತೆಗಿ! ಕಪಾಳಕ್ಕ ಕೊಡ್ತೀನಿ ನೋಡು!"

ಮಾವ ತಿರುಗಿ ನೋಡಿದ. ವಾಕಿಟಾಕಿಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ತಮ್ಮ ಕಸಿದುಕೊಂಡಾನೆಂದು ಬಿಗಿಯಾಗಿ ಹಿಡಿದಿದ್ದ ಗಂಗಾಳ ಬೆರಳು ಪಕ್ಕದ ಗುಂಡಿಯ ಮೇಲೇ ಕೂತಿತ್ತು.

"ಅಯ್ಯೋ, ಬಟನ್ ಬಿಡವ್ವ! ಅದನ್ನ ಒತ್ತಿದ್ರ ನಮ್ಮ ಮಾತು ಮ್ಯಾಲ ಹೋಗತೈತಿ. ಮ್ಯಾಲ ಇರೋದು ಒಂದ ದಾರಿ. ನಾವು ಅಡ್ಡ ನಿಂತ್ರ ಬ್ಯಾರೆಯೋರು ಹೆಂಗ ಮಾತಾಡಬೇಕು?"

ಹಾಗಾದರೆ ಇಷ್ಟು ಹೊತ್ತೂ ಮೇಲೆ ಹೋದದ್ದು ತನ್ನ ಬೈಗುಳವೇ? ಗಂಗಾ ತಟ್ಟನೆ ಬೆರಳು ತೆಗೆದಳು. ಸರ್ರೆಂಬ ಸದ್ದು ಬಂತು. ಆ ಸದ್ದಿನ ಅಡಿಯಿಂದ ಸಣ್ಣದೊಂದು ದನಿ ಕೇಳಿತು.

"ಹೊನ್ನೂರಸ್ವಾಮಿ... ಅದಿಯೇನಪ್ಪಾ?"

ಮಾವ ಒಂದೇ ಕೈಯಲ್ಲಿ ಆಂಟೆನಾ ಹಿಡಿದು ವಾಕಿಟಾಕಿ ಇಸಿದುಕೊಂಡ. ಅವನ ಕಣ್ಣು ತುಂಬಿ ಬಂದಿತ್ತು.

"ಅದೀನಿ ಸಾರ್! ನೀವು ಆರಾಮ ಅದೀರೇನ್ರಿ?"

"ಜ್ವರ ಬಿಟ್ಟೈತಿ. ಆಗಿಂದ ಕರದೆ, ಮಾತಾಡಾಕ ಸಂದು ಸಿಗಲಿಲ್ಲ. ಯಾರೋ ಮಕ್ಕಳು ಜಗಳ ಆಡಾಕತ್ತಿದ್ರು. ಬೈಬ್ಯಾಡ ಅವರಿಗೆ. ನಮ್ಮ ಕಡೆ ಮಾತು ಕೇಳಿ ಭಾಳ ದಿನ ಆಗಿತ್ತು, ಜೀವಕ್ಕ ಹಿತ ಆತು. ಆ ಹುಡುಗಿಗೆ ಒಂದು ಮಾತು ಹೇಳು, ಆಕಿ..."

ಮುಂದೆ ಬರೀ ಸರ್ರೆಂಬ ಸದ್ದು. ಮಾವ ಆಂಟೆನಾವನ್ನು ಅತ್ತ ಇತ್ತ ತಿರುಗಿಸಿದ, ಕೂಗಿ ನೋಡಿದ. ಉಪಗ್ರಹ ಗುಡ್ಡದ ಹಿಂದೆ ಇಳಿದುಹೋಗಿತ್ತು.

"ನನಗ ಏನು ಹೇಳಾಕ ಬಂದಿದ್ರು ಮಾವ?"

"ಯಾರಿಗ್ಗೊತ್ತವ್ವ? ಟೈಮ್ ಮುಗೀತು." ಮಾವನ ಮುಖದಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ಹುಷಾರಾಗಿದ್ದಾರೆ ಎಂಬುದೇ ಅವನಿಗೆ ಸಾಕಾಗಿತ್ತು.

ಗಂಗಾಳಿಗೆ ಮಾತ್ರ ಸಾಕಾಗಲಿಲ್ಲ. ತಾನು ಜಗಳವಾಡಿದಷ್ಟು ಹೊತ್ತೂ ಅಷ್ಟು ದೂರದಲ್ಲಿ ಒಬ್ಬರು ಬಾಯಿ ತೆರೆದು, ಮುಚ್ಚಿ, ಕಾಯುತ್ತಾ ಕೂತಿದ್ದರು. ಅವರ ಆ ಒಂದು ಮಾತಿಗೆ ಹೊತ್ತು ಉಳಿಯದಂತೆ ಮಾಡಿದವಳು ತಾನೇ.

"ಅಕ್ಕಾ, ನಾಳೆ ನಾನು ಹಿಡಿತೀನಿ," ಎಂದ ಯಲ್ಲೇಶ್, ಹೊಡೆತ ಬಿದ್ದೀತೆಂದು ಹಿಂದೆ ಸರಿಯುತ್ತಾ.

ಗಂಗಾ ಅವನಿಗೇನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ನೀ ಹೇಳು, ಕೇಳ್ತೀನಿ," ಎಂದಳು.