ಮೂರು ವಾರದ ಕ್ಯಾರೆಟ್ ರಸ

ಕ್ಯಾರೆಟ್ ರಸದ ಲೋಟವನ್ನು ಅವಳು ಎಷ್ಟು ಜೋರಾಗಿ ಕುಕ್ಕಿದಳೆಂದರೆ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕೈಗಡಿಯಾರದ ಚಕ್ರಗಳು ಚೆಲ್ಲಾಪಿಲ್ಲಿಯಾದವು.

"ಇದನ್ನ ನೀನೇ ಕುಡಿ!"

ಗಡಿಯಾರ ರಿಪೇರಿಯವನು ಕಣ್ಣಿನ ಭೂತಗನ್ನಡಿ ತೆಗೆದು ನೋಡಿದ. ಎದುರಿನ ಬುಕ್ ಬೈಂಡಿಂಗ್ ಅಂಗಡಿಯ ಒಡತಿ, ಅವನು ಎರಡು ವರ್ಷದಿಂದ ಕದ್ದು ಕದ್ದು ನೋಡುತ್ತಿದ್ದವಳು, ಏದುಸಿರು ಬಿಡುತ್ತಾ ನಿಂತಿದ್ದಳು. ಕ್ಯಾನ್ಸರ್ ಚಿಕಿತ್ಸೆ ಮುಗಿದು ನಾಲ್ಕು ತಿಂಗಳಾಗಿತ್ತು. ಕೂದಲು ಬೆರಳುದ್ದ ಬೆಳೆದಿತ್ತು; ಸುಸ್ತು ಮಾತ್ರ ಬಿಟ್ಟು ಹೋಗಿರಲಿಲ್ಲ. ಅದನ್ನು ಓಡಿಸುತ್ತೇನೆಂದು ಅವನು ಮೂರು ವಾರದಿಂದ ಊಟ ಬಿಡಿಸಿ ಬರೀ ರಸ ಕುಡಿಸಿದ್ದ. ಅವನೇ ತಂದುಕೊಡುತ್ತಾನೆಂಬ ಒಂದೇ ಕಾರಣಕ್ಕೆ ಅವಳೂ ಕುಡಿದಿದ್ದಳು.

"ಇವತ್ತು ಸೂಜಿ ಹಿಡಿಯೋಕಾಗ್ಲಿಲ್ಲ. ಒಂದೇ ಒಂದು ಪುಸ್ತಕ ಹೊಲಿಯೋಕಾಗ್ಲಿಲ್ಲ ನಂಗೆ! ಮೂರು ಕೆಜಿ ಇಳಿದಿದೀನಿ. ಆಸ್ಪತ್ರೆಯ ಡಯಟಿಷಿಯನ್ ಮೇಡಂ ಚೆನ್ನಾಗಿ ಬೆಂಡೆತ್ತಿದ್ರು. ಯಾರು ಕಲಿಸಿದ್ರು ನಿಂಗೆ ಈ ವಿದ್ಯೆ?"

"ನಮ್ಮತ್ತಿಗೆ ಹೇಳಿದ್ರು... ಗಡಿಯಾರ ಕ್ಲೀನ್ ಮಾಡುವಾಗ ನಿಲ್ಲಿಸ್ತೀವಲ್ಲ, ದೇಹಾನೂ ಹಾಗೇ ಅಂದ್ಕೊಂಡೆ."

"ನಾನೇನು ನಿನ್ನ ಗೋಡೆ ಗಡಿಯಾರಾನಾ?"

ತನಗೆ ತಿಳಿಯದ್ದನ್ನು ತಿಳಿದವರಲ್ಲಿ ವಿಚಾರಿಸದೆ, ದಣಿದ ದೇಹವೊಂದರ ಮೇಲೆ ಪ್ರಯೋಗಿಸುವುದು ಅಪರಾಧ. ಪ್ರೀತಿಯಿಂದ ಮಾಡಿದ ಮಾತ್ರಕ್ಕೆ ಅದಕ್ಕೆ ರಿಯಾಯಿತಿ ಇಲ್ಲ.

ಅವನು ಲೋಟ ಸರಿಸಲು ಕೈ ಚಾಚಿದ. ಆಗಷ್ಟೇ ಅವಳು ಗಮನಿಸಿದಳು: ಅವನ ಕೆನ್ನೆಗಳೂ ಗುಳಿಬಿದ್ದಿದ್ದವು, ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

"ನೀನೇನು ತಿಂದೆ ಇವತ್ತು?"

"ನೀನು ಕುಡಿದಿದ್ದೇ. ಮೂರು ವಾರದಿಂದ. ನೀನೊಬ್ಳೇ ಯಾಕೆ ಕಷ್ಟಪಡಬೇಕು ಅಂತ..."

"ಅಯ್ಯೋ ಪೆದ್ದು ಮುಂಡೇದೇ!"

ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಕಣ್ಣುಗಳು ಮಾತ್ರ ಹೇಳಿದ ಮಾತು ಕೇಳದೆ ತುಂಬಿಕೊಂಡವು. ಚೀಲದಿಂದ ಡಬ್ಬಿ ತೆಗೆದು ತೆರೆದಳು. ಬೇಯಿಸಿದ ಎರಡು ಮೊಟ್ಟೆ, ಬ್ರೆಡ್ಡು, ಮೊಸರು.

"ಎರಡು ಮೂರು ಗಂಟೆಗೊಂದ್ಸಲ ಸ್ವಲ್ಪ ಸ್ವಲ್ಪ ತಿನ್ಬೇಕಂತೆ. ಮೊಟ್ಟೆ, ಬೇಳೆ, ಮೊಸರು ಬಿಡಲೇಬಾರದಂತೆ. ಆಮೇಲೆ ನಾಲ್ಕು ಹೆಜ್ಜೆ ನಡೀಬೇಕಂತೆ. ಏನು ಮುಖ ನೋಡ್ತೀಯ? ತಿನ್ನು!"

ಅವನು ಮೊಟ್ಟೆ ಬಾಯಿಗಿಟ್ಟ. ಅಗಿಯುತ್ತಲೇ ತೊದಲಿದ. "ನಿಂಗೆ ಪೂರ್ತಿ ಹುಷಾರಾಗ್ಲಿ, ಆಮೇಲೆ ಒಂದು ಮಾತು ಕೇಳೋಣ ಅಂತಿದ್ದೆ."

"ಆಮೇಲಾ? ಈ ಸುಸ್ತು ಒಬ್ಬೊಬ್ಬರಿಗೆ ವರ್ಷಗಟ್ಟಲೆ ಇರುತ್ತಂತೆ. ಅಲ್ಲೀವರೆಗೂ ನಾನು ಅರ್ಧ ಮನುಷ್ಯಳಾ? ಕೇಳೋದಿದ್ರೆ ಈಗ್ಲೇ ಕೇಳು!"

"ನನ್ನ ಮದ್ವೆ..."

"ಥೂ, ಮೊದ್ಲು ಬಾಯಲ್ಲಿರೋದನ್ನ ನುಂಗು!"

ಅವನು ನುಂಗಿದ. ನೀರು ಕುಡಿದ. ಕೇಳಿದ.

"ಹೂಂ," ಎಂದಳು ಅವಳು, ಇನ್ನೂ ಸಿಟ್ಟಿನಲ್ಲೇ, ಉಳಿದ ಮೊಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ.