ಕ್ರೋಮ್ ಪಟ್ಟಿಯ ಉಸಿರು

“ಎಲ್ಲಾ ಹೊಳಪು ಮಾಡು. ಬಾಗಿಲ ಕೆಳಗಿನ ಈ ಒಂದು ಪಟ್ಟಿ ಮುಟ್ಟಬೇಡ. ಮುಟ್ಟಿದ್ರೂ ಅದರ ಮೇಲೆ ಊದಬೇಡ,” ಎಂದಳು ಹಳೆಯ ಕಾರಿನ ಒಡತಿ. ಕರವಸ್ತ್ರವನ್ನು ಮೂಗುಬಾಯಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು. ಪಾಲಿಶಿನ ವಾಸನೆ ಮುದುಕಿಗೆ ಆಗುವುದಿಲ್ಲ ಎಂದುಕೊಂಡ ಕನ್ನಡಿ.

ಅವನು ಆ ಗ್ಯಾರೇಜಿಗೆ ಹೊಸಬ. ತಾನು ತಿಕ್ಕಿದ ಕ್ರೋಮ್ ನೋಡಿಕೊಂಡು ಗಡ್ಡ ಹೆರೆಯಬಹುದು ಎಂದು ಬಂದ ದಿನವೇ ಕೊಚ್ಚಿಕೊಂಡಿದ್ದ, ಅದಕ್ಕೇ ಕನ್ನಡಿ ಎಂಬ ಹೆಸರು ಅಂಟಿತು. ಅವನ ಹೆಂಡತಿ ಅಲ್ಲೇ ಮೂಲೆಯಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದಳು. ಅವನಿಗೆ ಕೆಲಸ ಕೊಡಿಸಿದ್ದೂ ಅವಳೇ.

“ಯಾಕಮ್ಮಾ, ಊದಿದ್ರೆ ಕಚ್ಚುತ್ತಾ?”

“ನನ್ನ ವಾರಗಿತ್ತಿ ಮಾಡಿಸಿದ ಮಾಟ. ಪಟ್ಟಿ ಹಿಂದೆ ಕೂದಲು ಸುತ್ತಿದ ತಗಡಿದೆ. ನಮ್ಮ ಯಜಮಾನರು ಊದಿ ಒರೆಸೋಕೆ ಹೋದ್ರು. ಊದಿದ ಉಸಿರು ವಾಪಸ್ ಸಿಗಲಿಲ್ಲ.”

“ಕಿತ್ತು ಎಸೀಬೇಕಿತ್ತು.”

“ಎತ್ಕೊಂಡೋರ ಗತಿ?”

ಕನ್ನಡಿ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆದ. “ಕೇಳಿದ್ಯೇನೇ? ನೀನು ತಿನ್ನೋ ಸೀಮೆಸುಣ್ಣಕ್ಕಿಂತ ಇವರ ಕತೆಯೇ ರುಚಿ.”

ಚರ್ಮಕ್ಕೆ ಗೆರೆ ಹಾಕುವ ಸೀಮೆಸುಣ್ಣವನ್ನು ಅವಳು ಈಚೆಗೆ ಕದ್ದು ಕಡಿಯುತ್ತಿದ್ದಳು. “ಯಾಕೆ ತಿಂತೀನಿ ಅಂತ ಸಂಜೆ ಹೇಳ್ತೀನಿ. ಈಗ ದೊಡ್ಡೋರ ಮಾತು ಕೇಳ್ರಿ,” ಎಂದು ತುಟಿ ಒರೆಸಿಕೊಂಡಳು.

ಮುದುಕಿ ಬಾಗಿಲ ಬಳಿಯ ಬೆಂಚಿನಲ್ಲಿ ಕಾವಲು ಕೂತಳು. ಕನ್ನಡಿ ಅಲ್ಯುಮಿನಿಯಂ ಹಾಳೆಯನ್ನು ನೀರಲ್ಲಿ ಅದ್ದಿ ಬಂಪರಿನ ತುಕ್ಕು ತಿಕ್ಕಿದ. ದೀಪದ ಬಳೆ, ಕಿಟಕಿಯ ಅಂಚು, ಒಂದೊಂದೂ ಎಚ್ಚೆತ್ತಂತೆ ಮಿಂಚಿತು. ಉಳಿದದ್ದು ಆ ಪಟ್ಟಿ, ಪೊರೆ ಬಂದ ಕಣ್ಣಿನ ಹಾಗೆ. ಕಾರೆಲ್ಲ ಹೊಳೆದು ಅದೊಂದೇ ಮಂಕಾದರೆ ಜನ ಮುದುಕಿಯನ್ನು ಬಯ್ಯುವುದಿಲ್ಲ, ಕೆಲಸದವನನ್ನು ಬಯ್ಯುತ್ತಾರೆ. ಕಾರಿನ ಮರೆಗೆ ಸರಿದು, ಕತ್ತಲಲ್ಲಿ ಮಂಡಿಯೂರಿದ.

ಮಂಕು ಸಲೀಸಾಗಿ ಬಿಟ್ಟಿತು, ಕಾದು ಕೂತಿದ್ದಂತೆ. ಸೀಮೆಎಣ್ಣೆಯ ಘಾಟಿನ ನಡುವೆ ಸುಟ್ಟ ಕೂದಲಿನ ವಾಸನೆ ಎದ್ದಿತು. ಅವನು ಮೂಗು ಸಿಂಡರಿಸಿ ಮುಂದುವರಿಸಿದ.

ಪಾಲಿಶ್ ಮಾಡುವವರಿಗೆ ಒಂದು ರೂಢಿ. ತಿಕ್ಕಿದ ಮೇಲೆ ಬಾಯಿಯ ಹಬೆ ಬಿಟ್ಟು ನೋಡುತ್ತಾರೆ. ಜಿಡ್ಡು ಉಳಿದಲ್ಲಿ ಹಬೆ ಒಡೆದು ಕೂರುತ್ತದೆ. ಕೈ ಕೆಲಸ ಮುಗಿಸಿದರೆ ಬಾಯಿ ತಾನಾಗಿ ತೆರೆಯುತ್ತದೆ. ಊದಬಾರದೆಂದು ನೆನಪಾಗುವ ಮೊದಲೇ ಅವನು ಊದಿಯಾಗಿತ್ತು.

ಪಟ್ಟಿಯ ಮೇಲೆ ಅಂಗೈಯಗಲ ಮಂಜು ಕೂತಿತು.

ಆರಲಿಲ್ಲ.

ಒರೆಸಿದ. ಹೋಗಲಿಲ್ಲ. ಮಂಜು ಕುಗ್ಗಿತು. ಮತ್ತೆ ಹಿಗ್ಗಿತು. ಅವನು ಗಾಳಿಗೆ ಬಾಯಿ ತೆರೆದ. ಎದೆಗೆ ಏನೂ ಇಳಿಯಲಿಲ್ಲ. ಅಲ್ಲಿ, ಪಟ್ಟಿಯ ಮೇಲೆ, ಏನೋ ಒಂದು ನೆಮ್ಮದಿಯಾಗಿ ಉಸಿರಾಡುತ್ತಿತ್ತು.

ತೆವಳಿಕೊಂಡು ಮುದುಕಿಯ ಕಾಲ ಬಳಿ ಬಿದ್ದ. ಅವಳು ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡಳು.

“ಇನ್ನೊಬ್ಬರ ಉಸಿರು ಬಿದ್ರೆ ಮೊದಲಿನವರದ್ದು ಬಿಡುತ್ತೆ,” ಎಂದಳು ಮೆಲ್ಲಗೆ. “ಯಜಮಾನರಿಗೂ ಇದೇ ಹೇಳಿದ್ದೆ. ಅವರು ಯಾರನ್ನೂ ಕರೀಲಿಲ್ಲ.”

ಅವನು ಅವಳ ಬಾಯಿಯತ್ತ ಕೈ ಮಾಡಿದ.

“ನಾನು ಅಷ್ಟು ಒಳ್ಳೆಯವಳಲ್ಲಪ್ಪಾ. ಒಳ್ಳೆಯವಳಾಗಿದ್ರೆ ಅವತ್ತೇ ಊದ್ತಿದ್ದೆ.”

ಮೂಲೆಯಲ್ಲಿ ಹೊಲಿಗೆ ಯಂತ್ರ ಗಿರಗಿರ ಅನ್ನುತ್ತಿತ್ತು.

ಕನ್ನಡಿ ಕಾರಿನ ಬಳಿಗೆ ಉರುಳಿದ. ಪಟ್ಟಿಯನ್ನು ಕಿತ್ತ. ತಗಡು ಕಳಚಿ ನೆಲಕ್ಕೆ ಬಿತ್ತು, ಮಂಜು ಮಾತ್ರ ಪಟ್ಟಿಯನ್ನು ಬಿಡಲಿಲ್ಲ. ಮಂಜನ್ನು ಅಂಗೈಯಲ್ಲಿ ಮುಚ್ಚಿ ಹೆಂಡತಿಯ ಮುಂದೆ ಹಿಡಿದ.

“ರೀ, ಮುಖ ಯಾಕೆ ನೀಲಿಯಾಗಿದೆ? ಇದು ಅದೇ ಪಟ್ಟಿ ಅಲ್ಲ ತಾನೇ?”

ಎದೆಯ ತಳದಲ್ಲಿ ಉಳಿದಿದ್ದ ಚೂರು ಗಾಳಿಯನ್ನು ಅವನು ಸುಳ್ಳಿಗೆ ಖರ್ಚು ಮಾಡಿದ. “ಆಚೆ ಬಾಗಿಲಿಂದು. ಊದಿ ನೋಡೇ.”

ಗಂಡನನ್ನು ನಂಬಿದಳು. ಊದಿದಳು.

ಅವನ ಎದೆ ಬಿರಿಯುವಂತೆ ಗಾಳಿ ನುಗ್ಗಿತು. ರಬ್ಬರಿನ ವಾಸನೆ, ಅಂಟಿನ ವಾಸನೆ, ಎಲ್ಲ ಜೇನಿನಷ್ಟು ಸಿಹಿ. ಅವಳ ಕಾಲು ಪೆಡಲಿನ ಮೇಲೇ ಸೆಟೆಯಿತು. ಬಟ್ಟೆಯಿಲ್ಲದೆ ಸೂಜಿ ಕುಣಿಯಿತು. ಮಡಿಲಿಂದ ಅರ್ಧ ತಿಂದ ಸೀಮೆಸುಣ್ಣ ಉರುಳಿತು. ಅವಳ ಕೈ ಅವನ ಅಂಗಿಯನ್ನು ಹಿಡಿಯಿತು. ಇನ್ನೊಂದು ಕೈ ಹೊಟ್ಟೆಯನ್ನು ಹಿಡಿಯಿತು.

ಪಟ್ಟಿಯ ಮೇಲೆ ಈಗ ಅವಳ ಮಂಜು. ಅದರ ಪಕ್ಕದಲ್ಲಿ ಇನ್ನೊಂದು, ಹೆಬ್ಬೆರಳಿನ ಉಗುರಿನಷ್ಟು. ಗುಬ್ಬಿಯ ಎದೆಯಂತೆ ಬೇಗಬೇಗ ಕುಗ್ಗಿ ಹಿಗ್ಗುತ್ತಿತ್ತು.

ಸೀಮೆಸುಣ್ಣ ಯಾಕೆಂದು ಅವನಿಗೆ ತಿಳಿಯಿತು.

“ಹೊತ್ತು ಮೀರಿಲ್ಲ,” ಎಂದಳು ಮುದುಕಿ ಬೆಂಚಿನಿಂದ. “ನೀನು ಊದಿದ್ರೆ ಇಬ್ಬರೂ ಉಳೀತಾರೆ.”

ಅವನು ಪಟ್ಟಿಯನ್ನು ಬಾಯಿಯ ಹತ್ತಿರ ತಂದ. ಹೆಂಡತಿಯ ಕಣ್ಣು ಅವನ ತುಟಿಯ ಮೇಲೇ ನೆಟ್ಟಿತ್ತು. ಅವನ ತುಟಿ ತೆರೆಯಿತು. ಅಂಗಿ ಹಿಡಿದ ಬೆರಳು ಸಡಿಲವಾಯಿತು. ಚಿಕ್ಕ ಮಂಜು ಕುಗ್ಗಿತು. ಕುಗ್ಗಿತು.

ಕನ್ನಡಿ ಹೆಗಲ ಮೇಲಿದ್ದ ಪಾಲಿಶ್ ಬಟ್ಟೆಯನ್ನು ಎಳೆದು, ತನ್ನ ಮೂಗುಬಾಯಿಗೆ ಬಿಗಿಯಾಗಿ ಒತ್ತಿಕೊಂಡ.